ಅಂಕ ಬೇರೆ, ಇಷ್ಟ ಬೇರೆ

ಎಲ್ಲರಿಗೂ ನಮಸ್ಕಾರ.

ಕಪ್‌ಕೇಕ್ ಸ್ಪರ್ಧೆಗೆ ತೀರ್ಪುಗಾರರಾಗಿ ಮೊದಲ ಸಲ ಕೂರುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಅಂಕ ಹೇಗೆ ಕೊಡಬೇಕು ಅಂತ ಹೇಳಿಕೊಡಿ ಎಂದು ನನ್ನನ್ನು ಕರೆದಿದ್ದಾರೆ. ಅದನ್ನು ಹೇಳುತ್ತೇನೆ. ಅದಕ್ಕಿಂತ ಜಾಸ್ತಿ ಹೇಳಬೇಕು ಅನ್ನಿಸುವ ಮಾತು ಇನ್ನೊಂದಿದೆ. ಈ ಕೆಲಸವನ್ನು ಸರಿಯಾಗಿ ಮಾಡಿದರೆ, ನಿಮಗೆ ನಿಜವಾಗಿ ಏನು ಇಷ್ಟ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಅದು ನೀವು ಇಷ್ಟು ದಿನ ಹೇಳಿಕೊಂಡು ಬಂದದ್ದೇ ಆಗಿರಬೇಕು ಅಂತೇನಿಲ್ಲ.

ಮೊದಲು ಹಾಳೆಯ ವಿಷಯ. ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ನೋಟ, ಕೇಕಿನ ಹದ, ರುಚಿ, ಮೇಲಿನ ಕ್ರೀಮ್, ಎಲ್ಲ ಸೇರಿದ ಹೊಂದಾಣಿಕೆ ಅಂತ ಕಾಲಂಗಳಿರುತ್ತವೆ. ನೀವು ಬಲಗಡೆ ಪೆನ್ಸಿಲ್‌ನಲ್ಲಿ ಇನ್ನೊಂದು ಕಾಲಂ ಎಳೆದುಕೊಳ್ಳಿ. ಅದರಲ್ಲಿ ಒಂದೇ ಪ್ರಶ್ನೆ: ಇನ್ನೊಂದು ತುತ್ತು ಬೇಕಾ? ಬೇಕು ಅನ್ನಿಸಿದರೆ ಒಂದು ಟಿಕ್, ಅಷ್ಟೇ. ಈ ಕಾಲಂ ಒಟ್ಟು ಅಂಕಕ್ಕೆ ಸೇರುವುದಿಲ್ಲ. ಸ್ಪರ್ಧಿಗೂ ಇದಕ್ಕೂ ಸಂಬಂಧವಿಲ್ಲ. ಇದು ನಿಮ್ಮದು.

ಯಾಕೆ ಬೇರೆ ಇಡಬೇಕು? ಇಷ್ಟಕ್ಕೆ ಜಾಗ ಕೊಡದಿದ್ದರೆ ಅದು ಕದ್ದು ಬೇರೆ ಕಾಲಂಗಳಿಗೆ ನುಗ್ಗುತ್ತದೆ. ಕಾಫಿ ರುಚಿ ಹಿಡಿಸದವರು ಕಾಫಿ ಕಪ್‌ಕೇಕಿನ ಹದಕ್ಕೂ ಒಂದು ಅಂಕ ಕಡಿಮೆ ಕೊಟ್ಟುಬಿಡುತ್ತಾರೆ. ಬೇಕು ಅಂತ ಮಾಡಿದ್ದಲ್ಲ, ಗೊತ್ತಿಲ್ಲದೆ ಆಗಿಹೋಗುತ್ತದೆ. ಆಹಾರ ಸಂಶೋಧಕರು ಈ ಗೆರೆಯನ್ನು ಬಹಳ ಕಟ್ಟುನಿಟ್ಟಾಗಿ ಎಳೆದಿದ್ದಾರೆ. ತರಬೇತಿ ಪಡೆದ ರುಚಿಗಾರರನ್ನು ಅವರು ಇಷ್ಟವಾಯಿತಾ ಅಂತ ಕೇಳುವುದೇ ಇಲ್ಲ. ಎಷ್ಟು ಸಿಹಿ, ಎಷ್ಟು ಒಣ, ಎಷ್ಟು ಜಿಡ್ಡು ಅಂತ ಮಾತ್ರ ಕೇಳುತ್ತಾರೆ. ಇಷ್ಟದ ಪ್ರಶ್ನೆಯೇನಿದ್ದರೂ ಸಾಮಾನ್ಯ ತಿನ್ನುವವರಿಗೆ. ಅದಕ್ಕೆ ಒಂಬತ್ತು ಮೆಟ್ಟಿಲಿನ ಒಂದು ಅಳತೆಯೂ ಇದೆ. 1950ರ ದಶಕದ ಹೊತ್ತಿಗೆ ಅಮೆರಿಕದ ಸೈನ್ಯಕ್ಕಾಗಿ ಆಹಾರ ಪರೀಕ್ಷಿಸುತ್ತಿದ್ದವರು ರೂಪಿಸಿದ್ದು. 1 ಅಂದರೆ ಸ್ವಲ್ಪವೂ ಆಗುವುದಿಲ್ಲ, 9 ಅಂದರೆ ತುಂಬಾ ತುಂಬಾ ಇಷ್ಟ, ನಡುವಿನ 5 ಅಂದರೆ ಇಷ್ಟವೂ ಇಲ್ಲ, ಬೇಸರವೂ ಇಲ್ಲ. ಇಂದಿಗೂ ಅದನ್ನೇ ಬಳಸುತ್ತಾರೆ. ಸ್ಪರ್ಧೆಯ ತೀರ್ಪುಗಾರರು ಇವೆರಡು ಕೆಲಸವನ್ನೂ ಒಂದೇ ನಾಲಿಗೆಯಲ್ಲಿ ಮಾಡಬೇಕಾಗುತ್ತದೆ. ಅದಕ್ಕೇ ಎರಡು ಕಾಲಂ.

ಈಗ ತಿನ್ನುವ ಕ್ರಮ. ಕಪ್‌ಕೇಕನ್ನು ಕೈಗೆತ್ತಿಕೊಂಡ ಕೂಡಲೇ ಕಚ್ಚಬೇಡಿ. ಕಾಗದ ಬಿಡಿಸಿ. ಅದು ಕೇಕಿನ ಅರ್ಧ ಸಿಪ್ಪೆಯನ್ನು ಕಿತ್ತುಕೊಂಡು ಬರುತ್ತದಾ, ನೀಟಾಗಿ ಬಿಡುತ್ತದಾ ನೋಡಿ. ಆಮೇಲೆ ಚಾಕುವಿನಿಂದ ಮೇಲಿಂದ ಕೆಳಗೆ ಎರಡು ಹೋಳು ಮಾಡಿ. ಒಳಗಿನ ರಂಧ್ರಗಳು ಸಣ್ಣಗೆ, ಒಂದೇ ಸಮ ಇರಬೇಕು. ಉದ್ದುದ್ದ ಸುರಂಗ ಕಂಡರೆ ಹಿಟ್ಟನ್ನು ಜಾಸ್ತಿ ಕಲಸಿದ್ದಾರೆ ಅಂತ ಅರ್ಥ. ಮೈದಾದಲ್ಲಿರುವ ಗ್ಲುಟೆನ್ ಅನ್ನುವ ಅಂಟು ಬಿಗಿಯಾಗಿ, ಕೇಕು ರಬ್ಬರಿನ ಹಾಗೆ ಎಳೆಯುತ್ತದೆ. ತಲೆ ಶಿಖರದ ಹಾಗೆ ಚೂಪಾಗಿ ಒಡೆದಿದ್ದರೆ ಅದೇ ಕಾರಣ ಇರಬಹುದು, ಇಲ್ಲ ಓವನ್ ತೀರಾ ಬಿಸಿ ಇದ್ದಿರಬಹುದು. ಬೆಣ್ಣೆ ಮತ್ತು ಸಕ್ಕರೆಯನ್ನು ಚೆನ್ನಾಗಿ ನಾದಿದವರ ಕೇಕು ಬೆರಳಲ್ಲಿ ಒತ್ತಿದರೆ ಮೆಲ್ಲಗೆ ಮೇಲೆದ್ದು ಬರುತ್ತದೆ. ಸಕ್ಕರೆ ಹರಳಿನ ಅಂಚುಗಳು ಬೆಣ್ಣೆಯೊಳಗೆ ಗಾಳಿ ಸಿಕ್ಕಿಸುತ್ತವೆ. ಆ ಪುಟ್ಟ ಗುಳ್ಳೆಗಳನ್ನೇ ಬೇಕಿಂಗ್ ಪೌಡರ್ ಓವನ್ನಿನಲ್ಲಿ ದೊಡ್ಡದು ಮಾಡುತ್ತದೆ. ನಾದುವಾಗ ಅವಸರ ಮಾಡಿದರೆ ಪೌಡರ್ ಎಷ್ಟು ಹಾಕಿದರೂ ಆ ಹಗುರ ಬರುವುದಿಲ್ಲ.

ಮೊದಲ ತುತ್ತು ಬರೀ ಕೇಕು. ಎರಡನೆಯದು ಬರೀ ಕ್ರೀಮ್. ಮೂರನೆಯದು ಎರಡೂ ಸೇರಿಸಿ. ಬರೀ ಕೇಕು ತಿಂದಾಗ ಎಲ್ಲ ಗುಟ್ಟೂ ಹೊರಗೆ ಬರುತ್ತದೆ. ಸೋಡಾ ಜಾಸ್ತಿಯಾಗಿದ್ದರೆ ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ. ಒಣಗಿದ್ದರೆ ನೀರಿನ ಲೋಟ ಹುಡುಕುತ್ತೀರಿ. ಕ್ರೀಮನ್ನು ನಾಲಿಗೆ ಮತ್ತು ಅಂಗುಳಿನ ನಡುವೆ ಒತ್ತಿ ಹಿಡಿಯಿರಿ. ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಬೆಣ್ಣೆಯ ಕ್ರೀಮ್ ಬಾಯಲ್ಲಿ ಕರಗಿ ಹೋಗುತ್ತದೆ. ವನಸ್ಪತಿಯಂಥ ಗಟ್ಟಿ ಕೊಬ್ಬು ಅಷ್ಟು ಬೇಗ ಕರಗುವುದಿಲ್ಲ. ನುಂಗಿದ ಮೇಲೂ ಅಂಗುಳಿಗೆ ಒಂದು ಪದರ ಅಂಟಿಕೊಂಡೇ ಇರುತ್ತದೆ. ಪುಡಿ ಸಕ್ಕರೆ ಹಾಕಿ ಗೊಟಾಯಿಸಿದ ಬಟರ್‌ಕ್ರೀಮ್ ಬೇಗ ಮುಖ ಹೊಡೆಯುತ್ತದೆ. ಮೊಟ್ಟೆಯ ಬಿಳಿ ಮತ್ತು ಸಕ್ಕರೆಯನ್ನು ಬಿಸಿ ಮಾಡಿ, ನೊರೆ ಬರಿಸಿ, ಅದಕ್ಕೆ ಬೆಣ್ಣೆ ಸೇರಿಸುವ ಸ್ವಿಸ್ ವಿಧಾನದ ಕ್ರೀಮ್ ನುಣುಪು, ಸಿಹಿಯೂ ಕಡಿಮೆ. ಎರಡನ್ನೂ ಅದದರ ಲೆಕ್ಕದಲ್ಲಿ ಅಳೆಯಿರಿ. ಒಂದು ಇನ್ನೊಂದರ ಹಾಗಿಲ್ಲ ಅಂತ ಅಂಕ ಕಳೆಯಬೇಡಿ. ಫ್ರಿಜ್‌ನಿಂದ ಆಗ ತಾನೆ ತೆಗೆದದ್ದನ್ನು ಸ್ವಲ್ಪ ಹೊತ್ತು ಹೊರಗಿಡಿ. ತಣ್ಣಗಿದ್ದರೆ ಸಿಹಿಯೂ ಘಮವೂ ಮಂಕಾಗುತ್ತವೆ.

ಸಾಲಿನ ಸಮಸ್ಯೆ ಒಂದಿದೆ. ತುಂಬಾ ಸಿಹಿಯಾದದ್ದರ ಹಿಂದೆ ಬಂದ ಹದವಾದ ಕೇಕು ಸಪ್ಪೆ ಅನ್ನಿಸುತ್ತದೆ. ನಡುನಡುವೆ ನೀರು ಕುಡಿಯಿರಿ, ಉಪ್ಪಿಲ್ಲದ ಸಾದಾ ಬಿಸ್ಕತ್ತು ಒಂದು ಚೂರು ತಿನ್ನಿ. ಸಾಧ್ಯವಿದ್ದರೆ ಒಬ್ಬೊಬ್ಬ ತೀರ್ಪುಗಾರರು ಒಂದೊಂದು ಕಡೆಯಿಂದ ಶುರು ಮಾಡಲಿ. ಇದನ್ನು ಮಾತ್ರ ಆಯೋಜಕರ ಹತ್ತಿರ ಹಟ ಹಿಡಿದು ಕೇಳಿ. ಕೊನೆಗೆ ಬಂದವರು ನಿಮ್ಮ ಹೊಟ್ಟೆ ತುಂಬಿದ್ದಕ್ಕೆ ಸೋಲಬಾರದು, ಅಲ್ವಾ? ಬಣ್ಣದ ವಿಷಯದಲ್ಲೂ ಹುಷಾರು. ಫ್ರಾನ್ಸಿನಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಕಲಿಯುವ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದರ ಘಮವನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. ಆ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹಳದಿ ಕ್ರೀಮ್ ಕಂಡ ಕೂಡಲೇ ನಮ್ಮ ಬಾಯಿ ನಿಂಬೆಗೆ ತಯಾರಾಗುವುದೂ ಹೀಗೆಯೇ. ಅನುಮಾನ ಬಂದರೆ ಕಣ್ಣು ಮುಚ್ಚಿ ಇನ್ನೊಂದು ಸಲ ತಿನ್ನಿ.

ಈಗ ಆ ಪೆನ್ಸಿಲ್ ಕಾಲಂಗೆ ಬರೋಣ. ನನಗೆ ಚಾಕಲೇಟ್ ಅಂದರೆ ಪ್ರಾಣ ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಕೆಲವು ಸ್ಪರ್ಧೆಗಳ ಹಾಳೆಗಳನ್ನು ಒಟ್ಟಿಗೆ ಹರಡಿಕೊಂಡು ಬರೀ ಟಿಕ್ ಬಿದ್ದವನ್ನು ಓದಿದೆ. ನಿಂಬೆ ಇತ್ತು. ಕಾಫಿ ಇತ್ತು. ಸಕ್ಕರೆಯನ್ನು ಕಪ್ಪಾಗುವ ಅಂಚಿನವರೆಗೆ ಸುಟ್ಟು ಮಾಡಿದ ಕ್ಯಾರಮೆಲ್ ಇತ್ತು. ಚಾಕಲೇಟೂ ಇತ್ತು. ಆದರೆ ಕೋಕೋ ಕಹಿ ಗಟ್ಟಿಯಾಗಿದ್ದಾಗ, ಇಲ್ಲ ಮೇಲೆ ನಾಲ್ಕು ಹರಳು ಉಪ್ಪು ಬಿದ್ದಿದ್ದಾಗ ಮಾತ್ರ. ಹಾಲು ಹಾಲಾದ ಚಾಕಲೇಟಿನ ಮುಂದೆ ಟಿಕ್ ಇರಲಿಲ್ಲ. ನೋಡುತ್ತಾ ಹೋದ ಹಾಗೆ ಒಂದೇ ಎಳೆ ಕಾಣಿಸಿತು. ಹುಳಿಯೋ, ಕಹಿಯೋ, ಉಪ್ಪೋ, ಸಿಹಿಯನ್ನು ಹಿಡಿದು ನಿಲ್ಲಿಸುವ ಏನಾದರೂ ಒಂದು ಇದ್ದರೆ ನನಗೆ ಇನ್ನೊಂದು ತುತ್ತು ಬೇಕು. ನನ್ನ ಇಷ್ಟ ಚಾಕಲೇಟ್ ಅನ್ನುವ ಹೆಸರಿನಲ್ಲಿ ಇರಲೇ ಇಲ್ಲ. ರುಚಿಗಳು ಒಂದನ್ನೊಂದು ಹೇಗೆ ತಡೆಯುತ್ತವೆ ಅನ್ನುವುದರಲ್ಲಿತ್ತು. ಇದು ತಿಳಿದಾಗ ಆದ ಖುಷಿಯನ್ನು ನಿಮಗೂ ಹಂಚಬೇಕು ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಟಿಕ್ ಮೊದಲು ಹಾಕಿ, ಕಾರಣ ಆಮೇಲೆ ಬರೆಯಿರಿ. ಇದಕ್ಕೂ ಆಧಾರ ಇದೆ. 1991ರಲ್ಲಿ ತಿಮೋತಿ ವಿಲ್ಸನ್ ಮತ್ತು ಜೊನಾಥನ್ ಸ್ಕೂಲರ್ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಐದು ಬಗೆಯ ಸ್ಟ್ರಾಬೆರಿ ಜಾಮ್ ತಿನ್ನಿಸಿದರು. ಸುಮ್ನೆ ತಿಂದು ಅಂಕ ಕೊಟ್ಟವರ ತೀರ್ಮಾನ ಪರಿಣತರ ತೀರ್ಮಾನಕ್ಕೆ ಹತ್ತಿರ ಇತ್ತು. ಯಾಕೆ ಇಷ್ಟ, ಯಾಕೆ ಇಷ್ಟವಿಲ್ಲ ಅಂತ ಮೊದಲು ವಿವರವಾಗಿ ಯೋಚಿಸಿ ಬರೆದವರದ್ದು ದೂರ ಹೋಯಿತು. ಹೇಳಲು ಸುಲಭವಾದ ಕಾರಣಗಳೇ ತೀರ್ಮಾನವನ್ನು ಎಳೆದುಕೊಂಡು ಹೋಗುತ್ತವೆ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಇನ್ನೂ ಸೋಜಿಗದ್ದು. ಅಂಗಡಿಗೆ ಬಂದವರಿಗೆ ಎರಡು ಜಾಮ್ ತಿನ್ನಿಸಿ ಒಂದನ್ನು ಆರಿಸಲು ಹೇಳಿದರು. ಆಮೇಲೆ ಅವರಿಗೆ ಗೊತ್ತಾಗದ ಹಾಗೆ ಅದಲುಬದಲು ಮಾಡಿ, ಆರಿಸದೆ ಬಿಟ್ಟದ್ದನ್ನೇ ಮತ್ತೆ ತಿನ್ನಿಸಿ ಕಾರಣ ಕೇಳಿದರು. ಬದಲಾವಣೆ ಗುರುತಿಸಿದ್ದು ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇರಲಿಲ್ಲ. ಉಳಿದವರು ತಾವು ಆರಿಸದ ಜಾಮ್ ಯಾಕೆ ಚೆನ್ನಾಗಿದೆ ಅಂತ ವಿವರಿಸುತ್ತಾ ಹೋದರು. ಹಾಗಾಗಿ ಒಂದು ದಿನದ ಒಂದು ಟಿಕ್ ನಂಬಬೇಡಿ. ಹಾಳೆಗಳನ್ನು ಎತ್ತಿಡಿ. ಮತ್ತೆ ಮತ್ತೆ ಬೀಳುವ ಟಿಕ್ ಏನು ಹೇಳುತ್ತದೆ ಅಂತ ಓದಿ.

ಪಕ್ಕದ ತೀರ್ಪುಗಾರರ ಟಿಕ್ ಬೇರೆ ಕಡೆ ಬೀಳುತ್ತದೆ. ವಾದಕ್ಕೆ ಇಳಿಯಬೇಡಿ. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನುವ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಸಹೋದ್ಯೋಗಿಗೆ ಅದು ಕಹಿ ಕಹಿ. ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಆ ವ್ಯತ್ಯಾಸ ಹುಟ್ಟಿನಿಂದಲೇ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಎಲ್ಲರ ಬಾಯಲ್ಲಿರುವುದೂ ಒಂದೇ ನಾಲಿಗೆ ಅಲ್ಲ. ಹದ, ಗುಳ್ಳೆ, ಸೋಡಾ ಇವುಗಳ ಬಗ್ಗೆ ಎಷ್ಟು ಬೇಕಾದರೂ ಚರ್ಚೆ ಮಾಡಿ, ಅಲ್ಲಿ ಒಮ್ಮತಕ್ಕೆ ಬರಲೇಬೇಕು.

ಒಂದು ಸಲ ನನಗೆ ಎರಡನೇ ತುತ್ತು ಬೇಡವಾದ ಸಾದಾ ವೆನಿಲ್ಲಾಕ್ಕೆ ಮೊದಲ ಬಹುಮಾನ ಕೊಟ್ಟಿದ್ದೇನೆ. ಅದರ ಕೇಕಿನಲ್ಲಿ ಒಂದು ದೋಷ ಹುಡುಕಲೂ ಆಗಿರಲಿಲ್ಲ. ನಾನು ಟಿಕ್ ಹಾಕಿದ ನಿಂಬೆಯದು ಒಳಗೆ ಹಸಿಯಾಗಿತ್ತು, ಮೂರನೇ ಸ್ಥಾನವೂ ಸಿಗಲಿಲ್ಲ. ಮನೆಗೆ ಹೊರಡುವಾಗ ಉಳಿದ ನಿಂಬೆಯ ಹೋಳನ್ನೇ ಕೇಳಿ ತಿಂದೆ.

ನಿಮ್ಮ ಮುಂದಿನ ತಟ್ಟೆಗಳಲ್ಲಿ ಈಗ ಮೂರು ಮೂರು ಕಪ್‌ಕೇಕ್ ಇಟ್ಟಿದ್ದಾರೆ. ಹೆಸರಿಲ್ಲ, ನಂಬರ್ ಮಾತ್ರ ಇದೆ. ಪೆನ್ಸಿಲ್ ತಗೊಳ್ಳಿ, ಬಲಗಡೆ ಗೆರೆ ಎಳೆಯಿರಿ. ಎಡಗಡೆಯ ಸಾಲಿನವರು 1ರಿಂದ, ಬಲಗಡೆಯವರು 3ರಿಂದ ಶುರು ಮಾಡಿ. ಮೊದಲು ಕ್ರೀಮ್ ಸರಿಸಿ, ಬರೀ ಕೇಕು.