10-1ರಿಂದ 11-6ಕ್ಕೆ: ಫಿಲಡೆಲ್ಫಿಯಾ ಈಗಲ್ಸ್ ಕುಸಿತವನ್ನು ಅಂಕಗಳು ಮೊದಲೇ ಹೇಳಿದ್ದವೇ?

ನಮಸ್ಕಾರ. 2023ರ ನವೆಂಬರ್ 26ರಂದು ಫಿಲಡೆಲ್ಫಿಯಾ ಈಗಲ್ಸ್ ತಂಡವು ಮಳೆಯಲ್ಲಿ, ಓವರ್‌ಟೈಮ್‌ನಲ್ಲಿ ಬಫಲೋ ಬಿಲ್ಸ್ ತಂಡವನ್ನು 37-34ರಿಂದ ಸೋಲಿಸಿತು. ಅಲ್ಲಿಗೆ ಹನ್ನೊಂದು ಪಂದ್ಯಗಳಲ್ಲಿ ಹತ್ತು ಗೆಲುವು, ಒಂದೇ ಸೋಲು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳ ಪೈಕಿ ಅಂದು ಅದಕ್ಕಿಂತ ಒಳ್ಳೆಯ ದಾಖಲೆ ಮತ್ತೊಂದು ತಂಡಕ್ಕೆ ಇರಲಿಲ್ಲ. ಆ ಬಳಿಕ ಉಳಿದಿದ್ದ ಆರು ಪಂದ್ಯಗಳಲ್ಲಿ ಈಗಲ್ಸ್ ಗೆದ್ದದ್ದು ಒಂದನ್ನು ಮಾತ್ರ. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಟ್ಯಾಂಪಾ ಬೇ ಬಕನಿಯರ್ಸ್ ಎದುರು 32-9ರಿಂದ ಸೋತು ಅದು ಮನೆಗೆ ಮರಳಿತು.

ಈ ಕುಸಿತದ ಬಗ್ಗೆ ಎರಡು ವಾದಗಳು ಇಂದಿಗೂ ಕೇಳಿಬರುತ್ತವೆ. ತಂಡವು ಮೊದಲಿನಿಂದಲೂ ಅಷ್ಟೇನೂ ಚೆನ್ನಾಗಿರಲಿಲ್ಲ, ಅದೃಷ್ಟ ಕೈಕೊಟ್ಟ ದಿನ ನಿಜಬಣ್ಣ ಬಯಲಾಯಿತು ಎನ್ನುವುದು ಒಂದು ವಾದ. ತಂಡವು ನಿಜಕ್ಕೂ ಶ್ರೇಷ್ಠವಾಗಿತ್ತು, ಡಿಸೆಂಬರ್‌ನಲ್ಲಿ ಒಳಗಿನಿಂದ ಮುರಿದುಬಿತ್ತು ಎನ್ನುವುದು ಇನ್ನೊಂದು. ಅಂಕಿಅಂಶಗಳನ್ನು ಪಂದ್ಯದಿಂದ ಪಂದ್ಯಕ್ಕೆ ಕೂಡಿಸಿ ನೋಡಿದ ಮೇಲೆ ನನಗೆ ಅನ್ನಿಸುವುದೇನೆಂದರೆ, ಇಲ್ಲಿ ಎರಡು ಬೇರೆಬೇರೆ ಸಂಗತಿಗಳು ಒಂದರ ಬೆನ್ನಿಗೆ ಒಂದರಂತೆ ನಡೆದಿವೆ ಮತ್ತು ನಾವು ಅವೆರಡನ್ನೂ ಸೇರಿಸಿ ಒಂದೇ ಕಥೆಯಾಗಿ ಹೇಳುತ್ತಿದ್ದೇವೆ.

ಆಟ ಹೊಸದಾಗಿರುವವರಿಗೆ ಎರಡು ಮಾತು. ಪ್ರತಿ ತಂಡಕ್ಕೂ ಋತುವಿನಲ್ಲಿ 17 ಲೀಗ್ ಪಂದ್ಯಗಳಿರುತ್ತವೆ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ ಸಿಗುತ್ತವೆ. ಟಚ್‌ಡೌನ್‌ಗೆ 6 ಅಂಕ, ಅದರ ನಂತರದ ಹೆಚ್ಚುವರಿ ಯತ್ನಕ್ಕೆ 1 ಅಥವಾ 2 ಅಂಕ, ಫೀಲ್ಡ್ ಗೋಲ್‌ಗೆ 3 ಅಂಕ. ಆದ್ದರಿಂದ 8 ಅಥವಾ ಅದಕ್ಕಿಂತ ಕಡಿಮೆ ಅಂತರದ ಪಂದ್ಯವನ್ನು ಒಂದೇ ದಾಳಿಯಲ್ಲಿ ಸರಿಗಟ್ಟಬಹುದು. ಅಂಥವನ್ನೇ ನಾವು ನಿಕಟ ಪಂದ್ಯ ಎನ್ನೋಣ.

[ಪರದೆಯ ಮೇಲೆ: ಮೊದಲ 11 ಪಂದ್ಯಗಳ ಅಂಕಪಟ್ಟಿ]

ಈಗ ಆ ಹತ್ತು ಗೆಲುವುಗಳನ್ನು ಸಾಲಾಗಿ ಇಟ್ಟು ನೋಡೋಣ. ನ್ಯೂ ಇಂಗ್ಲೆಂಡ್ ಎದುರು 25-20, ಮಿನ್ನೆಸೋಟ ಎದುರು 34-28, ವಾಷಿಂಗ್ಟನ್ ಎದುರು ಓವರ್‌ಟೈಮ್‌ನಲ್ಲಿ 34-31, ಮತ್ತೆ ಅದೇ ವಾಷಿಂಗ್ಟನ್ ಎದುರು 38-31, ಡಲ್ಲಾಸ್ ಎದುರು 28-23, ಕ್ಯಾನ್ಸಸ್ ಸಿಟಿ ಎದುರು 21-17, ಬಫಲೋ ಎದುರು ಓವರ್‌ಟೈಮ್‌ನಲ್ಲಿ 37-34. ಹತ್ತರಲ್ಲಿ ಏಳು ಗೆಲುವುಗಳು ನಿಕಟ ಪಂದ್ಯಗಳಲ್ಲೇ ಬಂದಿವೆ. ಟ್ಯಾಂಪಾ ಬೇ, ಲಾಸ್ ಏಂಜಲಿಸ್ ರ‍್ಯಾಮ್ಸ್ ಮತ್ತು ಮಯಾಮಿ, ಈ ಮೂರು ತಂಡಗಳ ಎದುರು ಮಾತ್ರ ಅಂತರ 8ನ್ನು ದಾಟಿತ್ತು. ವಾಷಿಂಗ್ಟನ್ ಆ ವರ್ಷ 4-13ರಲ್ಲಿ ಮುಗಿಸಿದ ತಂಡ ಎಂಬುದು ಗಮನದಲ್ಲಿರಲಿ.

ಕ್ಯಾನ್ಸಸ್ ಸಿಟಿಯ ಪಂದ್ಯವನ್ನೇ ಹತ್ತಿರದಿಂದ ನೋಡಿ. ವಿರಾಮದ ಹೊತ್ತಿಗೆ ಆ ಊರಿನ ತಂಡ ಚೀಫ್ಸ್ 17-7ರಿಂದ ಮುಂದಿತ್ತು. ಈಗಲ್ಸ್‌ನ ಗೆರೆಯ ಹತ್ತಿರ ತಲುಪಿದ ಮೇಲೂ ಅದು ಎರಡು ಬಾರಿ ಚೆಂಡನ್ನು ಕಳೆದುಕೊಂಡಿತು. ಕೊನೆಗೆ, ಆಟ ಮುಗಿಯಲು ಎರಡು ನಿಮಿಷವೂ ಇಲ್ಲದಿದ್ದಾಗ, ಪ್ಯಾಟ್ರಿಕ್ ಮಹೋಮ್ಸ್ ಎಸೆದ ಉದ್ದನೆಯ ಪಾಸ್ ಮಾರ್ಕೆಸ್ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಅವರ ಕೈಗೆ ಬಂದು ಜಾರಿತು. ಅದನ್ನು ಹಿಡಿದಿದ್ದರೆ ಟಚ್‌ಡೌನ್ ಆಗುತ್ತಿತ್ತು, ಚೀಫ್ಸ್ ಮುನ್ನಡೆಗೆ ಬರುತ್ತಿತ್ತು. ಈಗಲ್ಸ್ ಅಂದು ಚೆನ್ನಾಗಿ ಹೋರಾಡಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಎದುರಾಳಿಯ ಬೆರಳುಗಳ ನಡುವೆ ಜಾರಿದ ಆ ಚೆಂಡು ಮುಂದಿನ ವಾರವೂ ಜಾರುತ್ತದೆ ಎಂದು ಯಾವ ತರಬೇತುದಾರನೂ ಲೆಕ್ಕ ಹಾಕುವಂತಿಲ್ಲ.

ಇಲ್ಲಿ ನನಗೆ ಬಹಳ ಪ್ರಿಯವಾದ ಸೂತ್ರವೊಂದಿದೆ, ಅದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಬೇಸ್‌ಬಾಲ್‌ನ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ರೂಪಿಸಿದ ಇದಕ್ಕೆ ಪೈಥಾಗೋರಿಯನ್ ನಿರೀಕ್ಷೆ ಎಂದು ಹೆಸರು. ಒಂದು ತಂಡ ಎಷ್ಟು ಪಂದ್ಯ ಗೆದ್ದಿದೆ ಎಂಬುದನ್ನು ಬದಿಗಿಟ್ಟು, ಅದು ಒಟ್ಟು ಎಷ್ಟು ಅಂಕ ಗಳಿಸಿದೆ ಮತ್ತು ಎಷ್ಟು ಅಂಕ ಬಿಟ್ಟುಕೊಟ್ಟಿದೆ ಎಂಬ ಎರಡೇ ಸಂಖ್ಯೆಗಳಿಂದ, ಅದು ಎಷ್ಟು ಪಂದ್ಯಗಳನ್ನು ಗೆಲ್ಲಬೇಕಿತ್ತು ಎಂದು ಈ ಸೂತ್ರ ಅಂದಾಜಿಸುತ್ತದೆ. ಕ್ರಿಕೆಟ್ ಟೂರ್ನಿಯ ಪಟ್ಟಿಯಲ್ಲಿ ಪಾಯಿಂಟ್ಸ್ ಸಮವಾಗಿರುವ ಎರಡು ತಂಡಗಳನ್ನು ನೆಟ್ ರನ್ ರೇಟ್ ಬೇರ್ಪಡಿಸುವುದನ್ನು ನೀವೆಲ್ಲ ನೋಡಿದ್ದೀರಿ. ಗೆಲುವಿನ ಸಂಖ್ಯೆಯ ಹಿಂದೆ ಗೆದ್ದ ರೀತಿಯೂ ದಾಖಲಾಗಿರುತ್ತದೆ ಎಂಬ ಅದೇ ತಿಳಿವಳಿಕೆ ಇಲ್ಲಿಯೂ ಕೆಲಸ ಮಾಡುತ್ತದೆ.

ಲೆಕ್ಕವನ್ನು ನೀವೂ ಮಾಡಬಹುದು, ಫೋನಿನ ಕ್ಯಾಲ್ಕ್ಯುಲೇಟರ್ ಸಾಕು. ಮೊದಲ ಹನ್ನೊಂದು ಪಂದ್ಯಗಳಲ್ಲಿ ಈಗಲ್ಸ್ ಗಳಿಸಿದ್ದು 310 ಅಂಕ, ಬಿಟ್ಟುಕೊಟ್ಟದ್ದು 246. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.26. ಅದನ್ನು 2.37ರ ಘಾತಕ್ಕೆ ಏರಿಸಿದರೆ ಸುಮಾರು 1.73. ಈ 2.37 ಎಂಬುದು ಫುಟ್‌ಬಾಲ್‌ಗೆ ಸಾಮಾನ್ಯವಾಗಿ ಬಳಸುವ ಘಾತ. ಈಗ 1.73ನ್ನು, ಅದಕ್ಕೇ ಒಂದು ಕೂಡಿಸಿದ 2.73ರಿಂದ ಭಾಗಿಸಿ. ಉತ್ತರ 0.634. ಅಂದರೆ ನೂರಕ್ಕೆ ಸುಮಾರು 63 ಪಂದ್ಯ ಗೆಲ್ಲುವ ತಂಡ. ಹನ್ನೊಂದು ಪಂದ್ಯಗಳಿಗೆ ಅದು ಏಳು ಗೆಲುವು.

[ಪರದೆಯ ಮೇಲೆ: ದಾಖಲೆ 10-1, ಅಂಕಗಳ ಪ್ರಕಾರ 7-4]

ಎಲ್ಲರೂ 10-1 ಎಂದು ಕೊಂಡಾಡುತ್ತಿದ್ದ ತಂಡವು ಅಂಕಗಳ ಪ್ರಕಾರ 7-4ರ ತಂಡ. ಏಳು ಗೆಲುವಿನ ತಂಡವೂ ಒಳ್ಳೆಯ ತಂಡವೇ, ಪ್ಲೇಆಫ್‌ಗೆ ಹೋಗುವ ತಂಡವೇ. ಆದರೆ ಅದನ್ನು ಅಜೇಯವೆಂದು ಬಗೆಯುವಂತಿಲ್ಲ. ಹಿಂದಿನ ವರ್ಷವೇ ಇದಕ್ಕೆ ದೊಡ್ಡ ಉದಾಹರಣೆಯೊಂದು ಕಣ್ಣೆದುರಿಗಿತ್ತು. 2022ರ ಮಿನ್ನೆಸೋಟ ವೈಕಿಂಗ್ಸ್ 13 ಪಂದ್ಯ ಗೆದ್ದು 4 ಸೋತಿತ್ತು. ಆದರೆ ಗಳಿಸಿದ್ದು 424 ಅಂಕ, ಬಿಟ್ಟುಕೊಟ್ಟದ್ದು 427. ನಿಕಟ ಪಂದ್ಯಗಳಲ್ಲಿ ಅದರ ದಾಖಲೆ 11-0. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ತನ್ನ ಅಂಗಳದಲ್ಲಿ ನ್ಯೂಯಾರ್ಕ್ ಜೈಂಟ್ಸ್‌ಗೆ ಸೋತ ಆ ತಂಡ, ಮರುವರ್ಷ 7-10ಕ್ಕೆ ಇಳಿಯಿತು. ಹಾಗೆಂದು ಸೂತ್ರವೇ ವಿಧಿಯಲ್ಲ: 2011ರಲ್ಲಿ ಇದೇ ಜೈಂಟ್ಸ್ 394 ಅಂಕ ಗಳಿಸಿ 400 ಬಿಟ್ಟುಕೊಟ್ಟು, 9-7ರ ದಾಖಲೆಯೊಂದಿಗೆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಮೊದಲನೆಯ ವಾದ ಗೆದ್ದಂತೆ ಕಾಣುತ್ತದೆ. ಅದೃಷ್ಟ ಸಮತೂಕಕ್ಕೆ ಬಂತು, ಕಥೆ ಮುಗಿಯಿತು. ಆದರೆ ಮುಗಿಯುವುದಿಲ್ಲ, ಏಕೆಂದರೆ 7-4ರ ಮಟ್ಟದ ತಂಡವು ಉಳಿದ ಆರು ಪಂದ್ಯಗಳಲ್ಲಿ ಮೂರನ್ನೋ ನಾಲ್ಕನ್ನೋ ಗೆಲ್ಲಬೇಕಿತ್ತು. ಈಗಲ್ಸ್ ಗೆದ್ದದ್ದು ಒಂದು. ಆ ಆರು ಪಂದ್ಯಗಳಲ್ಲಿ ಅದು ಗಳಿಸಿದ್ದು 123 ಅಂಕ, ಬಿಟ್ಟುಕೊಟ್ಟದ್ದು 182. ಪಂದ್ಯವೊಂದಕ್ಕೆ ಗಳಿಕೆ 28.2ರಿಂದ 20.5ಕ್ಕೆ ಇಳಿಯಿತು, ಬಿಟ್ಟುಕೊಡುವುದು 22.4ರಿಂದ 30.3ಕ್ಕೆ ಏರಿತು. ಹನ್ನೊಂದು ಪಂದ್ಯಗಳಲ್ಲಿ ಕೂಡಿಟ್ಟ 64 ಅಂಕಗಳ ಲಾಭದಲ್ಲಿ 59 ಅಂಕ ಆರೇ ವಾರಗಳಲ್ಲಿ ಕರಗಿಹೋಯಿತು. ಋತುವಿನ ಒಟ್ಟು ಲೆಕ್ಕ 433-428, ಅಂದರೆ 17 ಪಂದ್ಯಗಳ ಕೊನೆಗೆ ಐದೇ ಅಂಕಗಳ ಲಾಭ. ಅದೇ ಸೂತ್ರವನ್ನು ಕೊನೆಯ ಆರಕ್ಕೆ ಹಚ್ಚಿದರೆ ಬರುವುದು 1.7 ಗೆಲುವು. ಹಾಗಾಗಿ ಕೊನೆಯ ಸೋಲುಗಳಿಗೆ ದುರದೃಷ್ಟವನ್ನು ದೂರಲಾಗದು, ಆಟವೇ ಕೆಟ್ಟಿತ್ತು.

ಎಲ್ಲಿ ಕೆಟ್ಟಿತು ಎಂದು ನೋಡಲು ಆ ಆರು ಪಂದ್ಯಗಳನ್ನೂ ಎರಡು ಪಾಲು ಮಾಡಬೇಕು. ಮೊದಲ ಪಾಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ಮತ್ತು ಡಲ್ಲಾಸ್ ಕೌಬಾಯ್ಸ್ ಇವೆ. ಡಿಸೆಂಬರ್ 3ರಂದು 49ಅರ್ಸ್ ಎದುರು ಮೊದಲ ಕ್ವಾರ್ಟರ್ ಮುಗಿದಾಗ ಈಗಲ್ಸ್ 6-0ರಿಂದ ಮುಂದಿತ್ತು. ಅಲ್ಲಿಂದ ಮುಂದೆ 49ಅರ್ಸ್ ಸತತ ಆರು ದಾಳಿಗಳಲ್ಲಿ ಆರು ಟಚ್‌ಡೌನ್ ಗಳಿಸಿ 42-19ರಿಂದ ಗೆದ್ದಿತು. ಮುಂದಿನ ವಾರ ಡಲ್ಲಾಸ್‌ನಲ್ಲಿ 33-13. ಎರಡೂ ಆ ವರ್ಷ 12 ಪಂದ್ಯ ಗೆದ್ದ ತಂಡಗಳು. ಇಂಥವರ ಎದುರು ಸೋತದ್ದನ್ನು, ಅಂತರ ನೋವು ತರುವಷ್ಟು ದೊಡ್ಡದಿದ್ದರೂ, ಅರ್ಥಮಾಡಿಕೊಳ್ಳಬಹುದು.

ಎರಡನೆಯ ಪಾಲಿನ ಎದುರಾಳಿಗಳ ದಾಖಲೆ ನೋಡಿ: ಸಿಯಾಟಲ್ 9-8, ಜೈಂಟ್ಸ್ 6-11, ಅರಿಝೋನಾ 4-13, ಮತ್ತೆ ಜೈಂಟ್ಸ್. ನಿಜವಾದ ಕುಸಿತ ಇರುವುದು ಇಲ್ಲಿ.

ಡಿಸೆಂಬರ್ 18ರ ರಾತ್ರಿ ಸಿಯಾಟಲ್‌ನಲ್ಲಿ ಈಗಲ್ಸ್ 17-13ರಿಂದ ಮುಂದಿತ್ತು. ಎರಡು ನಿಮಿಷಕ್ಕೂ ಕಡಿಮೆ ಸಮಯ ಉಳಿದಿತ್ತು, ಸಿಯಾಟಲ್ 92 ಗಜ ಸಾಗಬೇಕಿತ್ತು, ಮತ್ತು ಅದರ ಮುಖ್ಯ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸಿ ಪಾಸ್ ಎಸೆಯುವ ಆಟಗಾರ, ಜೀನೋ ಸ್ಮಿತ್ ಗಾಯಗೊಂಡಿದ್ದರಿಂದ ಬದಲಿ ಆಟಗಾರ ಡ್ರೂ ಲಾಕ್ ಆಡುತ್ತಿದ್ದರು. ಲಾಕ್ ಹತ್ತು ಪ್ಲೇಗಳಲ್ಲಿ ಆ 92 ಗಜವನ್ನೂ ದಾಟಿಸಿದರು. 28 ಸೆಕೆಂಡ್ ಉಳಿದಿರುವಾಗ 29 ಗಜದಾಚೆ ಜ್ಯಾಕ್ಸನ್ ಸ್ಮಿತ್-ಎನ್‌ಜಿಗ್ಬಾ ಅವರಿಗೆ ಎಸೆದ ಪಾಸ್ ಟಚ್‌ಡೌನ್ ಆಯಿತು. ಅದಾದ ಮೇಲೆ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಎಸೆದ ಚೆಂಡನ್ನು ಸಿಯಾಟಲ್‌ನ ಜೂಲಿಯನ್ ಲವ್ ಕಸಿದುಕೊಂಡರು. ಇದು ನಿಕಟ ಪಂದ್ಯದ ಸೋಲು, ಅದೃಷ್ಟದ ಪಾಲೂ ಇದರಲ್ಲಿದೆ ಎನ್ನಬಹುದು. ಆದರೆ ಡಿಸೆಂಬರ್ 31ರಂದು ಅರಿಝೋನಾ ಎದುರು ನಡೆದದ್ದಕ್ಕೆ ಆ ಸಮಾಧಾನವೂ ಸಲ್ಲದು. ಮೂರೇ ಗೆಲುವುಗಳೊಂದಿಗೆ ಫಿಲಡೆಲ್ಫಿಯಾಕ್ಕೆ ಬಂದಿದ್ದ ಅರಿಝೋನಾ ವಿರಾಮದ ಹೊತ್ತಿಗೆ 21-6ರಿಂದ ಹಿಂದಿತ್ತು. ದ್ವಿತೀಯಾರ್ಧದಲ್ಲಿ ಅದರ ಕೈಗೆ ಚೆಂಡು ನಾಲ್ಕು ಬಾರಿ ಸಿಕ್ಕಿತು, ನಾಲ್ಕು ಬಾರಿಯೂ ಟಚ್‌ಡೌನ್ ಆಯಿತು. ಒಮ್ಮೆಯೂ ತಡೆಯಲಾಗಲಿಲ್ಲ. ಪಂದ್ಯ 35-31. ಅರಿಝೋನಾದ ಅಂದಿನ ಮುಖ್ಯ ತರಬೇತುದಾರ ಜೊನಾಥನ್ ಗ್ಯಾನನ್ ಹಿಂದಿನ ವರ್ಷ ಇದೇ ಈಗಲ್ಸ್‌ನ ಡಿಫೆನ್ಸ್, ಅಂದರೆ ರಕ್ಷಣಾ ವಿಭಾಗ, ನಡೆಸುತ್ತಿದ್ದವರು.

ಈ ಹೆಸರಿನಿಂದ ನಾವು ಕಾರಣಗಳ ಕಡೆಗೆ ಬರಬಹುದು. 2023ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಸೋತ ಕೂಡಲೇ ಈಗಲ್ಸ್ ಡಿಫೆನ್ಸ್ ಮತ್ತು ಅಫೆನ್ಸ್ (ದಾಳಿ ವಿಭಾಗ) ನಡೆಸುತ್ತಿದ್ದ ತನ್ನ ಇಬ್ಬರೂ ಕೋಆರ್ಡಿನೇಟರ್‌ಗಳನ್ನು ಕಳೆದುಕೊಂಡಿತು. ಗ್ಯಾನನ್ ಅರಿಝೋನಾಕ್ಕೆ, ಶೇನ್ ಸ್ಟೈಕನ್ ಇಂಡಿಯಾನಾಪೊಲಿಸ್‌ಗೆ ಮುಖ್ಯ ತರಬೇತುದಾರರಾಗಿ ಹೋದರು. ಡಿಫೆನ್ಸ್‌ನ ಹೊಣೆ ಶಾನ್ ದೇಸಾಯಿ ಅವರಿಗೆ ಬಂತು. ಭಾರತೀಯ ಮೂಲದ ಕುಟುಂಬದ ದೇಸಾಯಿ, 2021ರಲ್ಲಿ ಶಿಕಾಗೋ ಬೇರ್ಸ್ ತಂಡದಲ್ಲಿ ಈ ಹುದ್ದೆಗೇರಿದಾಗ, ಎನ್‌ಎಫ್‌ಎಲ್‌ನಲ್ಲಿ ಕೋಆರ್ಡಿನೇಟರ್ ಆದ ಮೊದಲ ಭಾರತೀಯ ಮೂಲದವರಾಗಿದ್ದರು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಡಲ್ಲಾಸ್ ಸೋಲಿನ ನಂತರ, ಸಿಯಾಟಲ್ ಪಂದ್ಯಕ್ಕೆ ಮೊದಲು, ಅವರ ಕೈಯಿಂದ ನಿರ್ಧಾರದ ಅಧಿಕಾರವನ್ನು ತೆಗೆದು ತಂಡದ ಮತ್ತೊಬ್ಬ ತರಬೇತುದಾರ ಮ್ಯಾಟ್ ಪ್ಯಾಟ್ರಿಷಿಯಾ ಅವರಿಗೆ ಕೊಡಲಾಯಿತು.

ಈ ಬದಲಾವಣೆಯ ಫಲವನ್ನು ಅಂಕಗಳೇ ಹೇಳುತ್ತವೆ. ದೇಸಾಯಿ ನಡೆಸಿದ 13 ಪಂದ್ಯಗಳಲ್ಲಿ ಈಗಲ್ಸ್ ಬಿಟ್ಟುಕೊಟ್ಟದ್ದು 321 ಅಂಕ, ಪಂದ್ಯಕ್ಕೆ 24.7. ಆಮೇಲಿನ ನಾಲ್ಕರಲ್ಲಿ 107 ಅಂಕ, ಪಂದ್ಯಕ್ಕೆ 26.8. ಮೊದಲ 13ರಲ್ಲಿ ಕ್ಯಾನ್ಸಸ್ ಸಿಟಿ, ಬಫಲೋ, ಮಯಾಮಿ, 49ಅರ್ಸ್ ಇದ್ದವು, ಡಲ್ಲಾಸ್ ಎರಡು ಬಾರಿ ಇತ್ತು. ಕೊನೆಯ ನಾಲ್ಕರಲ್ಲಿ ಅಂಥ ತಂಡ ಒಂದೂ ಇರಲಿಲ್ಲ. ಎದುರಾಳಿಗಳು ಸುಲಭವಾದರು, ಅಂಕಗಳು ಹೆಚ್ಚಾದವು. ಋತುವಿನ ನಡುವೆ, 10-3ರಲ್ಲಿದ್ದ ತಂಡದ ಡಿಫೆನ್ಸ್‌ನ ಮಾತು ಮತ್ತು ವ್ಯವಸ್ಥೆಯನ್ನು ಒಂದೇ ವಾರದಲ್ಲಿ ಬದಲಿಸಿದ ಆ ನಿರ್ಧಾರವನ್ನು ನಾನು ತಪ್ಪೆಂದೇ ಹೇಳುತ್ತೇನೆ. ಎರಡು ಬಲಿಷ್ಠ ತಂಡಗಳ ಎದುರಿನ ಸೋಲನ್ನು ರೋಗವೆಂದು ಬಗೆದು ಕೊಟ್ಟ ಔಷಧವು ಇದ್ದ ಶಕ್ತಿಯನ್ನೂ ಕುಗ್ಗಿಸಿತು. ಅದರ ಹೊಣೆಯನ್ನು ಮುಖ್ಯ ತರಬೇತುದಾರ ನಿಕ್ ಸಿರಿಯಾನಿ ಹೊರಬೇಕಿತ್ತು.

ಸಮಯ ಮೀರುತ್ತಿರುವುದರಿಂದ ಉಳಿದ ಕಾರಣಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಅನ್ನು ಚೆಂಡು ಸಹಿತ ಕೆಡವುವ ಸ್ಯಾಕ್‌ಗಳು 2022ರಲ್ಲಿ 70 ಇದ್ದವು, 2023ರಲ್ಲಿ 43ಕ್ಕೆ ಇಳಿದವು. ಒತ್ತಡವಿಲ್ಲದ ಎದುರಾಳಿಗೆ ಪಾಸ್ ಎಸೆಯಲು ಬೇಕಾದಷ್ಟು ಸಮಯ ಸಿಕ್ಕಿತು. ಹರ್ಟ್ಸ್ ಅವರ ಇಂಟರ್‌ಸೆಪ್ಷನ್‌ಗಳು, ಅಂದರೆ ಎದುರಾಳಿಯ ಕೈಸೇರಿದ ಪಾಸ್‌ಗಳು, 6ರಿಂದ 15ಕ್ಕೆ ಏರಿದವು. ಹೆಚ್ಚು ಆಟಗಾರರನ್ನು ಮುನ್ನುಗ್ಗಿಸುವ ಬ್ಲಿಟ್ಸ್‌ಗೆ ಈಗಲ್ಸ್‌ನ ಬಳಿ ಉತ್ತರವಿರಲಿಲ್ಲ. ಕೊನೆಯ ಲೀಗ್ ಪಂದ್ಯದಲ್ಲಿ ಜೈಂಟ್ಸ್ ಎದುರು ವಿರಾಮಕ್ಕೇ 24-0ರಿಂದ ಹಿಂದಿತ್ತು. ಆ ಪಂದ್ಯದಲ್ಲಿ ಗಾಯಗೊಂಡ, ಪಾಸ್ ಹಿಡಿಯುವ ಪ್ರಮುಖ ಆಟಗಾರ ಎ.ಜೆ. ಬ್ರೌನ್ ಪ್ಲೇಆಫ್‌ಗೆ ಇರಲಿಲ್ಲ. 2024ರ ಜನವರಿ 15ರಂದು, ಸೆಪ್ಟೆಂಬರ್‌ನಲ್ಲಿ 25-11ರಿಂದ ಸೋಲಿಸಿದ್ದ ಅದೇ ಟ್ಯಾಂಪಾ ಬೇ ಎದುರು, ಒಂಬತ್ತು ಥರ್ಡ್ ಡೌನ್‌ಗಳಲ್ಲಿ (ನಾಲ್ಕರ ಪೈಕಿ ಮೂರನೆಯ ಅವಕಾಶ) ಒಂದನ್ನೂ ಈಗಲ್ಸ್ ದಾಟಲಿಲ್ಲ. ಕ್ವಾರ್ಟರ್‌ಬ್ಯಾಕ್ ಅನ್ನು ಹಿಂದಿನಿಂದ ತಳ್ಳಿ ಗಜ ಗಳಿಸುವ, ಲೀಗ್‌ನಲ್ಲೆಲ್ಲ ಹೆಸರಾಗಿದ್ದ ಅದರ ತಂತ್ರವೂ ಅಂದು ಎರಡು ಅಂಕಗಳ ಯತ್ನದಲ್ಲಿ ಒಂದು ಗಜದ ಗೆರೆಯಲ್ಲೇ ನಿಂತುಹೋಯಿತು. ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಒದಗಿಸುವ ಸೆಂಟರ್ ಸ್ಥಾನದ ಜೇಸನ್ ಕೆಲ್ಸಿ ಅವರಿಗೆ ಅದು ಕೊನೆಯ ಪಂದ್ಯವಾಯಿತು.

ಇಂಥ ಕುಸಿತ ಹಿಂದೆಯೂ ಆಗಿದೆ. 1986ರಲ್ಲಿ ನ್ಯೂಯಾರ್ಕ್ ಜೆಟ್ಸ್ 10-1ರಲ್ಲಿದ್ದು, ಕೊನೆಯ ಐದನ್ನೂ ಸೋತು 10-6ರಲ್ಲಿ ಮುಗಿಸಿತ್ತು.

ಈಗಲ್ಸ್ ಮಾತ್ರ ಬೇಗ ಎದ್ದಿತು. ಡಿಫೆನ್ಸ್‌ಗೆ ವಿಕ್ ಫ್ಯಾಂಜಿಯೊ, ಅಫೆನ್ಸ್‌ಗೆ ಕೆಲನ್ ಮೋರ್, ಚೆಂಡು ಹಿಡಿದು ಓಡಲು ಸೇಕ್ವಾನ್ ಬಾರ್ಕ್ಲಿ ಬಂದರು. 2024ರಲ್ಲಿ 14-3, ಮತ್ತು 2025ರ ಫೆಬ್ರವರಿ 9ರಂದು ಕ್ಯಾನ್ಸಸ್ ಸಿಟಿಯನ್ನು 40-22ರಿಂದ ಮಣಿಸಿ ಸೂಪರ್ ಬೌಲ್. ಆ ವರ್ಷದ ಲೀಗ್ ಅಂಕಗಳು 463-303. ಸೂತ್ರಕ್ಕೆ ಹಾಕಿದರೆ 12.4 ಗೆಲುವು ಬರುತ್ತದೆ: 14ಕ್ಕಿಂತ ಸ್ವಲ್ಪ ಕಡಿಮೆ, ಆದರೆ ಹಿಂದಿನ ವರ್ಷದ ಒಟ್ಟು ಅಂಕಗಳಿಗೆ ಬರುವ 8.6ಕ್ಕೆ ಹೋಲಿಸಿದರೆ ಇದು ಬೇರೆಯೇ ಮಟ್ಟದ ತಂಡ.