ಮನೆ ಮುಂದಿನ ಕಟ್ಟೆ ಮತ್ತು ನಾನು ಓದಿದ ಎರಡು ಪುಸ್ತಕ

[ದೃಶ್ಯ: ಕೊಪ್ಪಳದ ಒಂದು ಮನೆ. ಕಿರಿದಾದ ಬಾಲ್ಕನಿ, ಹಗ್ಗದ ಮೇಲೆ ಬಟ್ಟೆ.]

ನಮಸ್ಕಾರ. ಇದು ನಮ್ಮ ಮನೆ ಬಾಲ್ಕನಿ. ಮೂರು ಅಡಿ ಅಗಲ. ಮನೆ ಕಟ್ಟಿ ಒಂಬತ್ತು ವರ್ಷವಾಯಿತು. ಇಲ್ಲಿ ಒಬ್ಬರೂ ಕೂತು ಚಹಾ ಕುಡಿದಿದ್ದು ನನಗೆ ನೆನಪಿಲ್ಲ. ಬಟ್ಟೆ ಒಣಗುತ್ತವೆ, ಅಷ್ಟೇ.

ಯಾಕೆ ಹೀಗೆ ಅಂತ ಹೋದ ತಿಂಗಳು ಒಂದು ಪುಸ್ತಕದಲ್ಲಿ ಓದಿದೆ. ಬಾಲ್ಕನಿ ಆರು ಅಡಿಗಿಂತ ಕಡಿಮೆ ಇದ್ದರೆ ಜನ ಅದನ್ನು ಬಳಸುವುದೇ ಕಷ್ಟ. ಎರಡು ಮೂರು ಜನ ಕೂತು, ನಡುವೆ ಒಂದು ಸಣ್ಣ ಮೇಜಿಟ್ಟು, ಕಾಲು ಚಾಚುವಷ್ಟು ಜಾಗ ಬೇಕು. ಓದಿದವನೇ ಟೇಪ್ ತಂದು ಅಳೆದೆ.

ಆ ಪುಸ್ತಕ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’. ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಅವರ ಸಂಗಡಿಗರು ಬರೆದದ್ದು, 1977ರಲ್ಲಿ ಬಂತು. ಅದರಲ್ಲಿ 253 ಸೂತ್ರಗಳಿವೆ. ಊರು ಹೇಗಿರಬೇಕು ಅನ್ನುವಲ್ಲಿಂದ ಶುರುವಾಗಿ ಕಿಟಕಿ, ಕುರ್ಚಿಯವರೆಗೂ ಬರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಒಂದು ವಿಷಯ. ಯಾವ ಸೂತ್ರದ ಬಗ್ಗೆ ಅವರಿಗೆ ಜಾಸ್ತಿ ನಂಬಿಕೆ ಇದೆಯೋ ಅದಕ್ಕೆ ಎರಡು ನಕ್ಷತ್ರ ಹಾಕಿದ್ದಾರೆ. ಸ್ವಲ್ಪ ಅನುಮಾನ ಇದ್ದರೆ ಒಂದು. ಇನ್ನೂ ಖಾತ್ರಿ ಇಲ್ಲದಿದ್ದರೆ ಒಂದೂ ಇಲ್ಲ. ಎಷ್ಟು ಪ್ರಾಮಾಣಿಕತೆ, ಅಲ್ವಾ?

ಅದೇ ಹೊತ್ತಿಗೆ ಜೇಮ್ಸ್ ಕ್ಲಿಯರ್ ಅವರ ‘ಅಟಾಮಿಕ್ ಹ್ಯಾಬಿಟ್ಸ್’ ಕೂಡ ಓದುತ್ತಿದ್ದೆ. 2018ರದು. ನಿಮ್ಮಲ್ಲಿ ಬಹಳ ಜನ ಓದಿರುತ್ತೀರಿ. ಅದರಲ್ಲಿ ಬೋಸ್ಟನ್ನಿನ ಒಂದು ಆಸ್ಪತ್ರೆಯ ಕ್ಯಾಂಟೀನಿನ ಕಥೆ ಬರುತ್ತದೆ. ಅಲ್ಲಿ ಯಾರಿಗೂ ಬುದ್ಧಿ ಹೇಳಲಿಲ್ಲ. ದುಡ್ಡು ಕೊಡುವ ಕೌಂಟರ್ ಪಕ್ಕದ ಫ್ರಿಜ್‌ಗಳಲ್ಲಿ ಸೋಡಾ ಜೊತೆಗೆ ನೀರಿನ ಬಾಟಲಿ ಇಟ್ಟರು. ಊಟ ಬಡಿಸುವ ಕಡೆಗಳಲ್ಲೂ ಬುಟ್ಟಿ ತುಂಬಾ ನೀರು ಇಟ್ಟರು. ಮೂರು ತಿಂಗಳಲ್ಲಿ ಸೋಡಾ ಮಾರಾಟ ಶೇ. 11.4ರಷ್ಟು ಇಳಿಯಿತು, ನೀರಿನದು ಶೇ. 25.8ರಷ್ಟು ಏರಿತು.

ಇದನ್ನು ಓದುವಾಗಲೇ ಎರಡೂ ಪುಸ್ತಕ ನನ್ನ ತಲೆಯಲ್ಲಿ ಒಂದಾದವು. ಒಬ್ಬರು ಅಭ್ಯಾಸದ ಕಡೆಯಿಂದ ಬಂದರು, ಇನ್ನೊಬ್ಬರು ಗೋಡೆಯ ಕಡೆಯಿಂದ. ಇಬ್ಬರೂ ಬಂದು ನಿಂತದ್ದು ಜಾಗದ ಹತ್ತಿರ.

[ದೃಶ್ಯ: ಹಳೆಯ ಮಾಳಿಗೆ ಮನೆ, ಬೆಳಕಿಂಡಿಯಿಂದ ಬೀಳುವ ಬಿಸಿಲುಕೋಲು.]

ಆದರೆ ಎಲ್ಲವನ್ನೂ ಹಾಗೇ ಒಪ್ಪಲು ಆಗುವುದಿಲ್ಲ. ಕೋಣೆಗೆ ಎರಡು ಕಡೆಯಿಂದ ಬೆಳಕು ಬರಲಿ, ಆಗ ಎದುರಿಗಿದ್ದವರ ಮುಖ ಚೆನ್ನಾಗಿ ಕಾಣುತ್ತದೆ ಅಂತಾರೆ ಅಲೆಕ್ಸಾಂಡರ್. ಮಾತು ನಿಜ. ಆದರೆ ನಮ್ಮ ಕಡೆ ಮೇ ತಿಂಗಳಲ್ಲಿ ಪಡುವಣದ ಕಿಟಕಿ ತೆರೆದು ನೋಡಿ! ನಮ್ಮ ಹಿರಿಯರು ದಪ್ಪ ಗೋಡೆ ಕಟ್ಟಿದರು, ಕಿಟಕಿ ಸಣ್ಣದಿಟ್ಟರು, ಮಾಳಿಗೆಯಲ್ಲಿ ಬೆಳಕಿಂಡಿ ಬಿಟ್ಟರು. ದಪ್ಪ ಗೋಡೆಯೊಳಗೆ ಬಿಸಿ ಇಳಿಯಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ.

ಕ್ಲಿಯರ್ ಬಗ್ಗೆಯೂ ಒಂದು ಮಾತಿದೆ. ಒಂದು ಜಾಗ, ಒಂದು ಕೆಲಸ ಅಂತಾರೆ. ಎರಡು ಕೋಣೆಯಲ್ಲಿ ಆರು ಜನ ಇರುವ ಮನೆಯಲ್ಲಿ? ನಮ್ಮ ಪಡಸಾಲೆಯಲ್ಲೇ ಊಟ, ಅಲ್ಲೇ ಓದು, ಅಲ್ಲೇ ನಿದ್ದೆ. ನಾನು ಮಾಡಿದ್ದಿಷ್ಟು. ಕಿಟಕಿ ಪಕ್ಕ ಒಂದು ಚಾಪೆ ಹಾಸಿ, ಪುಸ್ತಕ ಅಲ್ಲಿಟ್ಟು, ಫೋನನ್ನು ಅಡುಗೆಮನೆ ಮಾಡದಲ್ಲಿ ಬಿಡುತ್ತೇನೆ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು 242ನೇ ಸೂತ್ರ. ಮುಂಬಾಗಿಲ ಪಕ್ಕ ಕೂರಲು ಒಂದು ಜಾಗ ಮಾಡಿ, ಬೀದಿ ನೋಡುತ್ತಾ ಕೂರಲಿ ಅನ್ನುತ್ತದೆ. ಅಂದರೆ ಕಟ್ಟೆ! ಹಳೆ ಮನೆ ಕೆಡವಿದಾಗ ನಾವೇ ಬೈಕ್ ನಿಲ್ಲಿಸಲು ಕಟ್ಟೆ ತೆಗೆಸಿದ್ದೆವು. ಆ ಕಟ್ಟೆ ಮೇಲೆ ಅವ್ವ ದಿನಾ ಸಂಜೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಓಣಿಯ ಮೂರ್ನಾಲ್ಕು ಜನ ಬಂದು ಕೂರುತ್ತಿದ್ದರು. ಹೊಸ ಮನೆಗೆ ಬಂದ ಮೇಲೆ ಅವ್ವ ಟಿವಿ ಮುಂದೆ ಅಕ್ಕಿ ಆರಿಸುತ್ತಾಳೆ, ಒಬ್ಬಳೇ. ಮೊನ್ನೆ ಕೇಳಿದೆ. “ಕುಂದ್ರಾಕ ಜಾಗಾನ ಇಲ್ಲ, ಯಾರು ಬರ್ತಾರಪಾ?” ಅಂದಳು.

[ದೃಶ್ಯ: ಇಟಗಿಯ ಮಹಾದೇವ ದೇವಾಲಯ, ತೆರೆದ ಮಂಟಪ.]

ಮರುದಿನ ಇಟಗಿಗೆ ಹೋಗಿದ್ದೆ. 1112ರ ಶಾಸನ ಇರುವ ಗುಡಿ. ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಿಲ್ಪ ನೋಡಲು ಎಲ್ಲರೂ ಹೋಗುತ್ತಾರೆ. ನಾನು ಈ ಸಲ ಮಂಟಪದ ಅಂಚನ್ನೇ ನೋಡಿದೆ. ಅಲ್ಲಿ ಕಲ್ಲಿನ ಕಟ್ಟೆ ಇದೆ. ಕಟ್ಟೆ ಮೇಲೆ ಗಿಡ್ಡ ಕಂಬಗಳು, ಅವುಗಳ ಮೇಲೆ ಇಳಿಜಾರು ಸೂರು. ನೆರಳಿದೆ, ಗಾಳಿ ಇದೆ, ಹೊರಗಿನದೂ ಕಾಣುತ್ತದೆ. 900 ವರ್ಷ ಆದ ಮೇಲೂ ಆ ನೆರಳಿನಲ್ಲಿ ಸುಮ್ನೆ ಕೂರಬೇಕು ಅನ್ನಿಸುತ್ತದೆ.

[ದೃಶ್ಯ: ಮನೆ ಮುಂದೆ ಇಟ್ಟಿಗೆ ರಾಶಿ.]

ನಮ್ಮ ಮನೆ ಪೂರ್ವಕ್ಕೆ ಮುಖ. ಹಾಗಾಗಿ ಸಂಜೆ ಮನೆಯ ನೆರಳೇ ಮುಂದಕ್ಕೆ ಬೀಳುತ್ತದೆ. ಕಾಂಪೌಂಡ್ ಒಳಗೇ, ಗೇಟಿನ ಪಕ್ಕ ಜಾಗ ಸಿಕ್ಕಿತು. ಬೈಕ್ ಇನ್ನೊಂದು ಮಗ್ಗುಲಿಗೆ ಸರಿಯಿತು. ಗೌಂಡಿ ಬಂದು ಒಂದೂವರೆ ಅಡಿ ಅಗಲ ಸಾಕು ಅಂದರು. ಅವ್ವ ಏನೂ ಮಾತಾಡಲಿಲ್ಲ. ಒಳಗಿಂದ ಮೊರ ತಂದಳು, ಇಟ್ಟಿಗೆ ರಾಶಿ ಮೇಲೆ ಕೂತಳು, ಪಕ್ಕದಲ್ಲಿ ಮೊರ ಇಟ್ಟಳು, ಒಂದು ಕಾಲು ಮಡಚಿದಳು. ಗೌಂಡಿ ಟೇಪ್ ಹಿಡಿದು ಮತ್ತೆ ಅಳೆದರು. ಎರಡು ಅಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮೇಲೆ ಶಹಾಬಾದ್ ಫರಸಿ ಹಾಕುತ್ತೇವೆ. ಸೋಮವಾರ ಕೆಲಸ ಶುರು.