ಕೈಗೆ ಭಾರವೆನಿಸುವ ಕರಿಕಲ್ಲು

ಕೇಳುಗರಿಗೆ ನಮಸ್ಕಾರ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗಲೋ, ಮಳೆಗಾಲ ಮುಗಿದ ಮೇಲೆ ತೋಡಿನ ಮರಳಿನಲ್ಲೋ ಕಪ್ಪಗೆ ಮಿನುಗುವ ಕಲ್ಲೊಂದು ಸಿಕ್ಕರೆ ‘ಇದು ಮೊಬೈಲಿಗೆ ಬೇಕಾಗುವ ಕೋಲ್ಟಾನ್ ಇರಬಹುದಾ?’ ಅನ್ನಿಸುವುದು ಸಹಜ. ಕೊಡಗಿನ ಮಟ್ಟಿಗೆ, ಬಹುಪಾಲು ಅಲ್ಲ. ಯಾಕೆ ಅಲ್ಲ, ಮನೆಯಲ್ಲೇ ಹೇಗೆ ನೋಡಿಕೊಳ್ಳಬಹುದು, ಅದನ್ನು ಹೇಳುತ್ತೇನೆ.

ಕೊಲಂಬೈಟ್, ಟ್ಯಾಂಟಲೈಟ್ ಎಂಬ ಎರಡು ಖನಿಜಗಳ ಜೋಡಿ ಹೆಸರೇ ಕೋಲ್ಟಾನ್. ಕಬ್ಬಿಣ, ಮ್ಯಾಂಗನೀಸ್, ಆಮ್ಲಜನಕ ಎರಡರಲ್ಲೂ ಇವೆ. ನಿಯೋಬಿಯಂ ಹೆಚ್ಚಿದ್ದರೆ ಕೊಲಂಬೈಟ್, ಟ್ಯಾಂಟಲಂ ಹೆಚ್ಚಿದ್ದರೆ ಟ್ಯಾಂಟಲೈಟ್. ಈ ಎರಡು ಲೋಹಗಳ ಪರಮಾಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಹಾಗಾಗಿ ಹರಳಿನೊಳಗೆ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ರಸಾಯನಶಾಸ್ತ್ರಜ್ಞರೇ ಇಲ್ಲಿ ಮುಗ್ಗರಿಸಿದ್ದರು. ಹ್ಯಾಚೆಟ್ 1801ರಲ್ಲಿ ನಿಯೋಬಿಯಮ್ಮನ್ನು, ಎಕೆಬರ್ಗ್ 1802ರಲ್ಲಿ ಟ್ಯಾಂಟಲಮ್ಮನ್ನು ಕಂಡುಹಿಡಿದರೂ ಇವು ಬೇರೆ ಬೇರೆ ಎಂದು ಹೈನ್ರಿಚ್ ರೋಸ್ ತೋರಿಸಿಕೊಟ್ಟದ್ದು 1844ರಲ್ಲಿ. ಗಾತ್ರ ಒಂದೇ ಆದರೂ ಟ್ಯಾಂಟಲಂ ಪರಮಾಣುವಿನ ತೂಕ ಸುಮಾರು ಎರಡು ಪಟ್ಟು. ಅದಕ್ಕೇ ಕೊಲಂಬೈಟ್ ನೀರಿಗಿಂತ 5.2 ಪಟ್ಟು ಭಾರವಾದರೆ ಟ್ಯಾಂಟಲೈಟ್ 8 ಪಟ್ಟು, ಅಂದರೆ ಕಬ್ಬಿಣದಷ್ಟು.

ಗ್ರಾನೈಟಿನ ಕರಗಿದ ಶಿಲಾರಸ ತಣಿಯುತ್ತಾ ಬಂದಾಗ ಅದರ ಮುಖ್ಯ ಖನಿಜಗಳಾದ ಬೆಣಚುಕಲ್ಲಿಗೂ ಫೆಲ್ಡ್‌ಸ್ಪಾರಿಗೂ ಒಗ್ಗದ ಧಾತುಗಳು ಕೊನೆಯವರೆಗೆ ರಸದಲ್ಲೇ ಉಳಿಯುತ್ತವೆ. ನೀರಿನಂಶ, ಲಿಥಿಯಂ, ಬೆರಿಲಿಯಂ ಜೊತೆ ಈ ಲೋಹಗಳೂ ಬಂಡೆಯ ಬಿರುಕಿಗೆ ನುಗ್ಗಿ ದಪ್ಪ ಹರಳುಗಳಾಗಿ ಗಟ್ಟಿಯಾಗುತ್ತವೆ. ಅದೇ ಪೆಗ್ಮಟೈಟ್. ಬಿಳಿ ಫೆಲ್ಡ್‌ಸ್ಪಾರ್, ಕಾಗೆಬಂಗಾರದ ನಡುವೆ ಕಪ್ಪು ಹಲಗೆಯಂತೆ ಕೊಲಂಬೈಟ್ ಸಿಕ್ಕಿಕೊಂಡಿರುತ್ತದೆ. ಕೆಲವು ಹರಳುಗಳ ಮೈಮೇಲೆ ಪಾರಿವಾಳದ ಕತ್ತಿನ ನೀಲಿ-ನೇರಳೆ ಛಾಯೆ ಕಾಣುತ್ತದೆ.

ಕೊಡಗಿನ ಬೆಟ್ಟಗಳಲ್ಲಿ ಹೆಚ್ಚಾಗಿರುವುದು ಚಾರ್ನೊಕೈಟ್ ಮತ್ತು ನೈಸ್ ಶಿಲೆ. ಚಾರ್ನೊಕೈಟ್ ಭೂಮಿಯ ಬಲು ಆಳದಲ್ಲಿ, 700 ಡಿಗ್ರಿ ಮೀರಿದ ಶಾಖದಲ್ಲಿ, ನೀರಿನಂಶ ಇಲ್ಲದಂಥ ಒಣ ಸ್ಥಿತಿಯಲ್ಲಿ ಆದದ್ದು. ಕೋಲ್ಟಾನ್ ಇರುವ ಪೆಗ್ಮಟೈಟಿಗೆ ಬೇಕಾದದ್ದು ಅಷ್ಟು ಆಳವಲ್ಲದ, ನೀರಿನಂಶ ತುಂಬಿದ ಜಾಗ. ಇಲ್ಲಿಂದ ಹೊರಟ ಕಾವೇರಿ ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ನೆಲ ಬದಲಾಗುತ್ತದೆ. ಆ ತಾಲ್ಲೂಕಿನ ಮರ್ಲಗಲ್ಲ–ಅಲ್ಲಾಪಟ್ಟಣದ ಪೆಗ್ಮಟೈಟುಗಳಲ್ಲಿ ಲಿಥಿಯಂ ಜೊತೆಗೆ ಈ ಖನಿಜವೂ ಇದೆ.

ಈಗ ಪರೀಕ್ಷೆ. ಮೊದಲು ಅಯಸ್ಕಾಂತ. ಗಟ್ಟಿಯಾಗಿ ಅಂಟಿಕೊಂಡರೆ ಅದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು, ಮುಂದೆ ನೋಡಬೇಕಿಲ್ಲ. ಅಂಟದಿದ್ದರೆ ಟೈಲ್ಸಿನ ಹಿಂಬದಿಯ ಒರಟು ಮೈಗೆ ಒರೆ ಹಚ್ಚಿ. ಕೊಲಂಬೈಟಿನ ಗೆರೆ ಕಂದುಗಪ್ಪು. ಬಿಳಿ ಅಥವಾ ಮಾಸಲು ಬೂದಿ ಬಂದರೆ ಟೂರ್ಮಲಿನ್ ಇಲ್ಲವೇ ಹಾರ್ನ್‌ಬ್ಲೆಂಡ್ ಎಂಬ ಮಾಮೂಲಿ ಕಪ್ಪು ಖನಿಜ. ಮುರಕಲ್ಲಿನ ಗುಂಡುಗಳೂ ಕೆಂಗಂದು ಗೆರೆ ಕೊಟ್ಟು ದಾರಿತಪ್ಪಿಸುವುದುಂಟು. ಆದ್ದರಿಂದ ತೂಕ ನೋಡದೆ ತೀರ್ಮಾನ ಬೇಡ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕಲ್ಲನ್ನು ಉಜ್ಜಿ ತೊಳೆದು, ಒಣಗಿಸಿ ತೂಗಿ. 90 ಗ್ರಾಂ ಎನ್ನೋಣ. ನೀರು ಹಾಕಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲನ್ನು ದಾರಕ್ಕೆ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 28 ತೋರಿಸಿದರೆ 90ನ್ನು 28ರಿಂದ ಭಾಗಿಸಿ. 3.2 ಬಂತು, ಅದೇ ಸಾಂದ್ರತೆ, ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ. ಅಂದರೆ ಟೂರ್ಮಲಿನ್ ಅಥವಾ ಹಾರ್ನ್‌ಬ್ಲೆಂಡ್. 15 ತೋರಿಸಿದರೆ ಸಾಂದ್ರತೆ 6. ಹೀಗೆ 5.2 ಮುಟ್ಟಿದರೆ ಅಥವಾ ದಾಟಿದರೆ ಮಾತ್ರ ಕಿವಿ ನಿಮಿರಬೇಕು. ಇಲ್ಮೆನೈಟ್ ಎಂಬ ಇನ್ನೊಂದು ಕಪ್ಪು ಖನಿಜ 4.7ರ ಆಸುಪಾಸಿಗೇ ನಿಲ್ಲುತ್ತದೆ.

ಲೆಕ್ಕ ಕೆಡುವುದು ಹೆಚ್ಚಾಗಿ ಕಲ್ಲು ಸಣ್ಣದಾದಾಗ. ಸಾಂದ್ರತೆ 6 ಇರುವ 10 ಗ್ರಾಂ ಕಲ್ಲು ಸರಿಸುವ ನೀರು 1.7 ಗ್ರಾಂ. ಒಂದೊಂದು ಗ್ರಾಮಿಗೆ ಜಿಗಿಯುವ ತಕ್ಕಡಿ ಅದನ್ನು 2 ಎಂದು ತೋರಿಸಿದರೆ 5 ಬರುತ್ತದೆ, 1 ಎಂದರೆ 10. ಕಲ್ಲಿಗೆ ಬೆಣಚು ಅಂಟಿದ್ದರೆ ಅಥವಾ ಗಾಳಿಗುಳ್ಳೆ ಕೂತಿದ್ದರೆ ಉತ್ತರ ತಗ್ಗುತ್ತದೆ. ಕಲ್ಲು ತಳಕ್ಕೆ ತಾಗಿದರೂ ಅಷ್ಟೇ.

ಕೋಲ್ಟಾನ್‌ನಲ್ಲಿ ಯುರೇನಿಯಂ, ಥೋರಿಯಂ ಒಂದಿಷ್ಟು ಸೇರಿರುವುದುಂಟು. ಹಾಗಾಗಿ ಅನುಮಾನದ ಕಲ್ಲನ್ನು ಕುಟ್ಟಿ ಪುಡಿ ಮಾಡಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಒಯ್ಯುವಾಗ ಅಂಟಿದ ಬಿಳಿ ಕಲ್ಲನ್ನು ಒಡೆದು ತೆಗೆಯಬೇಡಿ, ಅದು ಯಾವ ಶಿಲೆಯಿಂದ ಬಂತೆಂದು ಹೇಳುವುದು ಅದೇ. ತೋಡಿನಲ್ಲಿ ಸಿಕ್ಕಿದ್ದಾದರೆ ಯಾವ ತಿರುವಿನಲ್ಲಿ ಎಂದು ಬರೆದಿಡಿ. ಇಷ್ಟು ಭಾರದ ಕಲ್ಲು ನೀರಿನಲ್ಲಿ ಬಹಳ ದೂರ ಸಾಗುವುದಿಲ್ಲ, ಮೂಲ ಬಂಡೆಯನ್ನು ಹುಡುಕಬೇಕಾದದ್ದು ಅಲ್ಲಿಂದ ಮೇಲಕ್ಕೆ. ನಮಸ್ಕಾರ.